ತವರಿಗೆ ಬರುವ ಕಡಲಾಮೆ

ಪುಷ್ಯಮಾಸದ ನಡುರಾತ್ರಿ. ಕುಂದಾಪುರಕ್ಕೂ ಕಾರವಾರಕ್ಕೂ ನಡುವೆ ಎಲ್ಲಿಯೋ ಒಂದು ನಿರ್ಜನವಾದ ಮರಳದಂಡೆ. ದಡಕ್ಕೆಳೆದ ದೋಣಿಗಳು ನಿಶ್ಚಲವಾಗಿ ಮಲಗಿವೆ. ಗಾಳಿಮರಗಳ ಸುಯ್ಯಲಿನ ಹೊರತು ಬೇರೆ ಸದ್ದಿಲ್ಲ. ತೆರೆಯೊಂದು ಬಂದು ಹಿಂದಕ್ಕೆ ಸರಿದಾಗ, ಅದು ಬಿಟ್ಟುಹೋದ ಕಲ್ಲುಗುಂಡಿನಂಥ ಆಕೃತಿಯೊಂದು ಮೆಲ್ಲಮೆಲ್ಲನೆ ಮೇಲಕ್ಕೆ ತೆವಳತೊಡಗುತ್ತದೆ. ಸ್ವಲ್ಪ ದೂರ ತೆವಳಿ ನಿಲ್ಲುತ್ತದೆ, ಉಸಿರೆಳೆದುಕೊಳ್ಳುತ್ತದೆ, ಮತ್ತೆ ತೆವಳುತ್ತದೆ. ನೀರಿನಲ್ಲಿ ಹಕ್ಕಿಯಂತೆ ಲೀಲಾಜಾಲವಾಗಿ ಚಲಿಸುವ ಆ ಜೀವಕ್ಕೆ ನೆಲದ ಮೇಲೆ ತನ್ನ ಮೈಭಾರವೇ ಒಂದು ಹೊರೆ.

ಈಕೆ ಕಡಲಾಮೆ, ‘ಆಲಿವ್ ರಿಡ್ಲಿ’ ಎಂಬ ಜಾತಿಗೆ ಸೇರಿದವಳು. ಉದ್ದ 2 ಅಡಿಗೆ ತುಸು ಮಿಗಿಲು. ತೂಕ 40 ಕಿಲೋಗ್ರಾಮಿನ ಆಸುಪಾಸು. ಭರತದ ನೀರು ಮುಟ್ಟದಷ್ಟು ಮೇಲಕ್ಕೆ ಬಂದು, ಹಿಂಗಾಲುಗಳನ್ನೇ ಸೌಟಿನಂತೆ ಬಳಸಿ, ಸುಮಾರು ಒಂದೂವರೆ ಅಡಿ ಆಳದ, ಹೂಜಿಯ ಆಕಾರದ ಗುಳಿಯೊಂದನ್ನು ತೋಡುತ್ತಾಳೆ. ಅದರಲ್ಲಿ ಒಂದೊಂದಾಗಿ ನೂರಕ್ಕೂ ಹೆಚ್ಚು ಬಿಳಿಯ ಮೊಟ್ಟೆಗಳನ್ನಿಡುತ್ತಾಳೆ. ಆಗ ಆಕೆಯ ಕಣ್ಣಂಚಿನಿಂದ ನೀರು ಸುರಿಯುತ್ತಿರುತ್ತದೆ. ನೋಡಿದವರು ಅದನ್ನು ಪ್ರಸವವೇದನೆಯ ಕಣ್ಣೀರೆಂದು ಭಾವಿಸಿ ಮರುಗುವುದುಂಟು. ವಾಸ್ತವವಾಗಿ, ಸಮುದ್ರದ ನೀರಿನಿಂದ ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕುವ ಗ್ರಂಥಿಗಳ ಕೆಲಸವದು. ಮೊಟ್ಟೆಯಿಟ್ಟಾದ ಮೇಲೆ ಗುಳಿಗೆ ಮರಳು ತುಂಬಿ, ಎದೆಯ ಚಿಪ್ಪಿನಿಂದ ಆಚೀಚೆ ಬಡಿದು ನೆಲವನ್ನು ಗಟ್ಟಿಮಾಡಿ, ಬಂದ ದಾರಿಯಲ್ಲಿಯೇ ಕಡಲಿಗಿಳಿಯುತ್ತಾಳೆ. ಇಷ್ಟೆಲ್ಲ ನಡೆಯಲು ಹಿಡಿಯುವ ಕಾಲ ಒಂದು ಗಂಟೆಯ ಆಸುಪಾಸು. ತನ್ನ ಮಕ್ಕಳ ಮುಖವನ್ನು ಆಕೆ ಎಂದೂ ಕಾಣಳು.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ನಾಡಿನ ಸಂಪ್ರದಾಯ. ಕಡಲಾಮೆಯದೂ ಅಂಥದೇ ಒಂದು ಸಂಪ್ರದಾಯ. ಪ್ರಾಯಕ್ಕೆ ಬರಲು ಅದಕ್ಕೆ ಹತ್ತು ಹದಿನೈದು ವರ್ಷ ಬೇಕು. ಅಷ್ಟು ಕಾಲ ಸಾವಿರಾರು ಮೈಲಿ ಸಮುದ್ರದಲ್ಲಿ ಅಲೆದ ಹೆಣ್ಣಾಮೆ, ಭೂಮಿಯ ಅಯಸ್ಕಾಂತ ಶಕ್ತಿಯ ಸೂಕ್ಷ್ಮ ವ್ಯತ್ಯಾಸಗಳನ್ನು ಗುರುತಿಸಿಕೊಂಡು, ತಾನು ಹುಟ್ಟಿದ ತೀರಪ್ರದೇಶಕ್ಕೇ ಮರಳುತ್ತದೆಂದು ವಿಜ್ಞಾನಿಗಳು ಹೇಳುತ್ತಾರೆ. ಪ್ರಶ್ನೆಯಿರುವುದು ಬರುವವಳ ಬಗೆಗಲ್ಲ, ತವರಿನ ಬಗೆಗೆ. ಮಗಳು ಬಂದಾಗ ಮನೆಯ ಬಾಗಿಲು ತೆರೆದಿರುತ್ತದೆಯೆ?

ಸಾವಿರಕ್ಕೊಂದು

ಪ್ರಪಂಚದಲ್ಲಿರುವ ಕಡಲಾಮೆಗಳು ಏಳು ಜಾತಿಯವು. ಅವುಗಳಲ್ಲಿ ಐದು ಭಾರತದ ಸಮುದ್ರಗಳಲ್ಲಿ ಕಾಣಸಿಗುತ್ತವೆ. ಅವುಗಳ ಪೈಕಿ ಆಲಿವ್ ರಿಡ್ಲಿಯದೇ ದೊಡ್ಡ ಸಂಸಾರ. ಒಡಿಶಾದ ಗಹಿರಮಥಾ ಹಾಗೂ ಋಷಿಕುಲ್ಯಾ ತೀರಗಳಲ್ಲಿ ಇವು ಜಾತ್ರೆಗೆ ನೆರೆದಂತೆ ಒಟ್ಟಾಗಿ ಬಂದು ಮೊಟ್ಟೆಯಿಡುತ್ತವೆ. 2025ರ ಫೆಬ್ರುವರಿಯಲ್ಲಿ ಋಷಿಕುಲ್ಯಾ ನದೀಮುಖದ ಬಳಿ ಕೆಲವೇ ದಿನಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಆಮೆಗಳು ದಡವೇರಿದವು.

ಈ ಸಂಖ್ಯೆಯನ್ನು ಕೇಳಿ, ಆಮೆಗಳಿಗೇನು ಕೊರತೆ ಎಂದು ಸಮಾಧಾನ ಪಟ್ಟುಕೊಳ್ಳುವುದು ಸಲ್ಲದು. ಮೊಟ್ಟೆಯಿಂದ ಹೊರಬಂದ ಸಾವಿರ ಮರಿಗಳಲ್ಲಿ ಬೆಳೆದು ಪ್ರಾಯಕ್ಕೆ ಬರುವುದು ಸರಿಸುಮಾರು ಒಂದು ಎಂಬುದು ತಜ್ಞರ ಅಂದಾಜು. ನಾಯಿ, ನರಿ, ಏಡಿ, ಕಾಗೆ, ಹದ್ದು, ಮೀನು — ಇವೆಲ್ಲವುಗಳ ಪಾಲು ಸಂದ ಮೇಲೆ ಉಳಿಯುವ ಲೆಕ್ಕವಿದು. ಮೊಟ್ಟೆಯಿಡಲು ಬಂದ ಒಂದು ಹೆಣ್ಣಾಮೆ ಸತ್ತರೆ, ಸಾವಿರ ಮರಿಗಳ ಅದೃಷ್ಟವೆಲ್ಲ ಒಮ್ಮೆಗೇ ಮಣ್ಣುಪಾಲಾದಂತೆ. 2025ರ ಜನವರಿಯಲ್ಲಿ ಚೆನ್ನೈ ಕರಾವಳಿಯಲ್ಲಿ ನೂರಾರು ಆಮೆಗಳ ಕಳೇಬರಗಳು ದಡಕ್ಕೆ ಬಂದು ಬಿದ್ದವು. ಅವು ಒಂದೊಂದೂ ಹತ್ತಾರು ವರ್ಷ ಸಾವನ್ನು ವಂಚಿಸಿ ಬದುಕಿದ ಜೀವಗಳು.

ಕರ್ನಾಟಕದ ಕರಾವಳಿಯಲ್ಲಿ ಒಡಿಶಾದ ಜಾತ್ರೆಯಿಲ್ಲ. ಇಲ್ಲಿಗೆ ಬರುವವು ಒಂಟಿ ಆಮೆಗಳು. ಹೊನ್ನಾವರದ ಕಾಸರಕೋಡು, ಕಾರವಾರ ಹಾಗೂ ಕುಂದಾಪುರದ ದಂಡೆಗಳಲ್ಲಿ ಅಲ್ಲೊಂದು ಇಲ್ಲೊಂದು ಗೂಡು ದೊರೆಯುತ್ತದೆ. 2024ರ ಆರಂಭದಲ್ಲಿ ಮಂಗಳೂರಿನ ಸಮೀಪದ ಸಸಿಹಿತ್ಲುವಿನಲ್ಲಿಯೂ ಗೂಡುಗಳು ಕಂಡುಬಂದು, ಅರಣ್ಯ ಇಲಾಖೆಯವರು ಅವುಗಳಿಗೆ ಕಾವಲಿಟ್ಟರು. ಒಂಟಿಯಾಗಿ ಬರುವ ಅತಿಥಿಯ ಒಂದೊಂದು ಗೂಡಿಗೂ ಬೆಲೆಯುಂಟು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿಗೂ ಆನೆಗೂ ದೊರೆತಿರುವ ರಕ್ಷಣೆಯೇ ಈ ಆಮೆಗಳಿಗೂ ದೊರೆತಿದೆ. ಇವುಗಳನ್ನು ಕೊಲ್ಲುವುದೂ, ಮೊಟ್ಟೆಗಳನ್ನು ಕದಿಯುವುದೂ ಸೆರೆವಾಸಕ್ಕೆ ಗುರಿಪಡಿಸುವ ಅಪರಾಧ. ಆದರೆ ಕಾಯಿದೆಯ ಕೈಗೂ ಒಂದು ಮಿತಿಯಿದೆ. ಕಡಲತೀರದ ವಿಶ್ರಾಂತಿಗೃಹದ ಜಗಲಿಯ ದೀಪವನ್ನು ಆರಿಸಲು ಯಾವ ಪೊಲೀಸನೂ ಬರಲಾರ. ಅದನ್ನು ಆರಿಸಬೇಕಾದವರು ಒಳಗಿರುವ ಗೃಹಸ್ಥರೇ.

ಬಾಣಂತಿಯ ಕೋಣೆಗೆ ಕತ್ತಲೆ

ಇಲ್ಲಿ ಆಮೆಗಳು ಮೊಟ್ಟೆಯಿಡುವುದು ಚಳಿಗಾಲದಿಂದ ಬೇಸಗೆಯ ಮೊದಲ ದಿನಗಳವರೆಗೆ. ವಿಚಿತ್ರವೆಂದರೆ, ನಗರದ ಕುಟುಂಬಗಳು ಕ್ರಿಸ್ಮಸ್ ರಜೆ, ಹೊಸವರ್ಷ, ಸಂಕ್ರಾಂತಿಯೆಂದು ಕಡಲತೀರಕ್ಕೆ ಧಾವಿಸುವ ಕಾಲವೂ ಅದೇ. ಒಂದೇ ಮನೆಗೆ ಇಬ್ಬರು ಅತಿಥಿಗಳು ಒಟ್ಟಿಗೆ ಬಂದಂತೆ. ಒಬ್ಬಳಿಗೆ ಬೇಕಾದದ್ದು ಕತ್ತಲೆ ಮತ್ತು ಮೌನ; ಇನ್ನೊಬ್ಬರಿಗೆ ಬೇಕಾದದ್ದು ಬೆಳಕು ಮತ್ತು ಸಂಗೀತ.

ದಡವೇರಲು ಬಂದ ತಾಯಿಯಾಮೆ ಪ್ರಖರವಾದ ಬೆಳಕನ್ನೋ, ಜನರ ಓಡಾಟವನ್ನೋ ಕಂಡರೆ ಮೊಟ್ಟೆಯಿಡದೆ ಹಿಂದಿರುಗುವ ಸಂಭವವುಂಟು. ಮರಿಗಳ ಪಾಡು ಇನ್ನೂ ದಾರುಣ. ಮರಳಿನ ಬಿಸಿಯಲ್ಲಿಯೇ ಕಾವು ಪಡೆದ ಮೊಟ್ಟೆಗಳು 45ರಿಂದ 60 ದಿನಗಳಲ್ಲಿ ಒಡೆಯುತ್ತವೆ. ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಮರಿಗಳು ಒಟ್ಟಾಗಿ ಮರಳನ್ನು ಕೆದರಿಕೊಂಡು ಮೇಲಕ್ಕೇರಿ, ಮರಳು ತಣ್ಣಗಾದ ಮೇಲೆ, ಹೆಚ್ಚಾಗಿ ರಾತ್ರಿಯಲ್ಲಿ, ಹೊರಬರುತ್ತವೆ. ಅವುಗಳಿಗೆ ದಾರಿ ತೋರುವ ಹಿರಿಯರಿಲ್ಲ. ಎತ್ತ ದಿಗಂತ ಹೆಚ್ಚು ಬೆಳಗಿದೆಯೋ ಅತ್ತ ಹೋಗು ಎಂಬ ಒಂದೇ ಪಾಠವನ್ನು ಪ್ರಕೃತಿ ಅವುಗಳಿಗೆ ಕಲಿಸಿ ಕಳುಹಿಸಿದೆ. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ಆ ಪಾಠ ತಪ್ಪಿದ್ದಿಲ್ಲ. ಕಾಡಿನ ಕಡೆ ಕತ್ತಲೆ, ನಕ್ಷತ್ರಗಳ ಪ್ರತಿಬಿಂಬವಿರುವ ಕಡಲಿನ ಕಡೆ ಬೆಳಕು. ಇಂದು ದೀಪಗಳ ಸಾಲು ಹೊಳೆಯುವುದು ಊರಿನ ಕಡೆಗೆ. ಮರವಂತೆಯಂಥ ಕಡೆ ಹೆದ್ದಾರಿಯೇ ಕಡಲಿಗೆ ಹತ್ತಿ ಹರಿಯುತ್ತದೆ. ಮರಿಗಳು ಕಡಲಿಗೆ ಬೆನ್ನುಹಾಕಿ ಬೆಳಕಿನತ್ತ ತೆವಳಿ, ರಸ್ತೆಯಲ್ಲಿ ವಾಹನಗಳ ಚಕ್ರಕ್ಕೋ, ನಾಯಿಗಳ ಬಾಯಿಗೋ, ಬೆಳಗಿನ ಬಿಸಿಲಿಗೋ ಬಲಿಯಾಗುತ್ತವೆ.

ಇದಕ್ಕೆ ಪರಿಹಾರ ಎಷ್ಟು ಸುಲಭ! ಕಡಲಿಗೆ ಎದುರಾಗಿರುವ ದೀಪಗಳನ್ನು ರಾತ್ರಿ ಆರಿಸುವುದು. ಆರಿಸಲಾಗದಿದ್ದರೆ ಬೆಳಕು ಕೆಳಕ್ಕಷ್ಟೇ ಬೀಳುವಂತೆ ಮರೆಕಟ್ಟುವುದು. ಕಿಟಕಿಯ ಪರದೆ ಎಳೆಯುವುದು. ಕೋಣೆ ಗೊತ್ತುಮಾಡುವಾಗಲೇ ವಿಶ್ರಾಂತಿಗೃಹದವರನ್ನು, “ತೀರದ ಕಡೆಯ ದೀಪಗಳನ್ನು ರಾತ್ರಿ ಆರಿಸುತ್ತೀರಾ?” ಎಂದು ಕೇಳಿದರೆ, ಅವರಿಗೆ ಅದೊಂದು ವಿಚಿತ್ರ ಪ್ರಶ್ನೆಯಾಗಿ ತೋರಬಹುದು. ಹತ್ತು ಕುಟುಂಬಗಳು ಕೇಳಿದರೆ ಅದು ವ್ಯಾಪಾರದ ಪ್ರಶ್ನೆಯಾಗುತ್ತದೆ.

ನೋಡುವುದಕ್ಕೂ ಒಂದು ಮರ್ಯಾದೆ

ಅದೃಷ್ಟವಶಾತ್ ಆಮೆ ದಡವೇರುವುದನ್ನು ಕಾಣುವ ಭಾಗ್ಯ ಒದಗಿದರೆ ಏನು ಮಾಡಬೇಕು? ಉತ್ತರ ಒಂದೇ ಮಾತಿನದು — ಏನನ್ನೂ ಮಾಡಬಾರದು. ದೂರದಲ್ಲಿ, ಆಕೆಯ ಕಣ್ಣಿಗೆ ಬೀಳದಂತೆ, ಹಿಂಬದಿಯಲ್ಲಿ ಸುಮ್ಮನೆ ಕುಳಿತಿರಬೇಕು. ಕೈದೀಪ ಬೇಡ, ಛಾಯಾಚಿತ್ರದ ಮಿಂಚುಬೆಳಕು ಬೇಡ. ಮಕ್ಕಳನ್ನು ಬೆನ್ನಮೇಲೆ ಕೂರಿಸಿ ಚಿತ್ರ ತೆಗೆಯುವ ಉತ್ಸಾಹವಂತೂ ಕ್ರೌರ್ಯವೇ ಸರಿ.

ಆಕೆ ಹೋದ ಮೇಲೆ ಗೂಡನ್ನು ಅಗೆದು ನೋಡುವ ಕುತೂಹಲವನ್ನೂ ಅದುಮಿಡಬೇಕು. ಮೊಟ್ಟೆಯಿಟ್ಟ ಕೆಲವು ಗಂಟೆಗಳಲ್ಲಿಯೇ ಒಳಗಿನ ಭ್ರೂಣ ಚಿಪ್ಪಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಆ ಬಳಿಕ ಮೊಟ್ಟೆಯನ್ನು ಹೊರಳಿಸಿದರೆ ಅದು ಸಾಯುವ ಸಂಭವ ಹೆಚ್ಚು. ಒಳ್ಳೆಯ ಮನಸ್ಸಿನಿಂದ ಗೂಡನ್ನು ‘ಸುರಕ್ಷಿತ’ ಸ್ಥಳಕ್ಕೆ ಸಾಗಿಸಹೊರಟವರು ನೂರು ಜೀವಗಳಿಗೆ ಮೃತ್ಯುವಾಗಬಹುದು. ಅದು ಬಲ್ಲವರ ಕೆಲಸ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸುವುದೇ ಕಂಡವರ ಕರ್ತವ್ಯ. ಗಾಯಗೊಂಡ ಆಮೆ ದಡದಲ್ಲಿ ಕಂಡಾಗಲೂ ಹೀಗೆಯೇ. ಅದನ್ನು ಬಲವಂತವಾಗಿ ನೀರಿಗೆ ನೂಕಿದರೆ, ಈಜುವ ಶಕ್ತಿಯಿಲ್ಲದೆ ಮುಳುಗೀತು. ಸಿಬ್ಬಂದಿ ಬರುವವರೆಗೆ ನೆರಳು ಮಾಡಿ, ಮೂಗು ಮುಚ್ಚದಂತೆ ಬೆನ್ನ ಮೇಲೊಂದು ಒದ್ದೆಬಟ್ಟೆ ಹೊದಿಸಿ, ಜನರನ್ನೂ ನಾಯಿಗಳನ್ನೂ ದೂರವಿರಿಸುವುದೇ ದೊಡ್ಡ ಉಪಕಾರ.

ಮರಿಗಳನ್ನು ಕಂಡಾಗ ಹೆಂಗರುಳಿನವರ ಕೈ ತಡೆಯುವುದಿಲ್ಲ. ಪಾಪ, ಎಷ್ಟು ದೂರ ತೆವಳಬೇಕು ಎಂದು ಬೊಗಸೆಯಲ್ಲೆತ್ತಿ ನೀರಿಗೆ ಬಿಡೋಣವೆನಿಸುತ್ತದೆ. ಆದರೆ ತಾನೇ ತೆವಳಿ, ತೆರೆಗಳಿಗೆ ಎದುರಾಗಿ ಹೋಗುವಾಗಲೇ ಮರಿ ತನ್ನ ದಿಕ್ಕನ್ನು ನಿಶ್ಚಯಿಸಿಕೊಳ್ಳುತ್ತದೆ. ಸುತ್ತಲಿನ ದೀಪಗಳನ್ನು ಆರಿಸಿ, ದಾರಿ ಬಿಟ್ಟು ನಿಲ್ಲುವುದೇ ಅದಕ್ಕೆ ಮಾಡುವ ಆಶೀರ್ವಾದ.

ಮಕ್ಕಳು ಕಟ್ಟಿದ ಮರಳಿನ ಕೋಟೆ, ತೋಡಿದ ಬಾವಿ ನೋಡಲು ಚೆಂದವೇ. ಆದರೆ ಒಂದೂವರೆ ಅಂಗುಲದ ಮರಿಗೆ ಆ ಬಾವಿ ಏರಲಾಗದ ಕಂದಕ. ಸಂಜೆ ಮನೆಗೆ ಹೊರಡುವ ಮೊದಲು ಗುಳಿಗಳನ್ನು ಮುಚ್ಚಿ ಮರಳನ್ನು ಸಮಮಾಡುವುದನ್ನು ಮಕ್ಕಳಿಗೇ ಒಪ್ಪಿಸಿದರೆ, ಆಟದ ಕೊನೆಯಲ್ಲಿ ಅದೂ ಒಂದು ಆಟವಾಗುತ್ತದೆ. ದಂಡೆಯ ಮೇಲೆ ಕಾರು ಓಡಿಸುವುದಂತೂ ಸರ್ವಥಾ ಸಲ್ಲದು. ಕೆಳಗಿರುವ ಗೂಡು ಚಾಲಕನ ಕಣ್ಣಿಗೆ ಕಾಣುವುದಿಲ್ಲ. ತಿಂದುಳಿದ ಬುತ್ತಿಯನ್ನು ಮರಳಿನ ಮೇಲೆ ಚೆಲ್ಲುವುದರಿಂದಲೂ ಅಪಾಯವಿದೆ. ಹಗಲು ಎಸೆದ ಚಿತ್ರಾನ್ನಕ್ಕೆ ಬಂದ ನಾಯಿ, ರಾತ್ರಿ ಅಲ್ಲಿಯೇ ನೆಲ ಮೂಸುತ್ತ ಗೂಡನ್ನು ಕೆದಕುತ್ತದೆ.

ಸೀಸೆಯಲ್ಲಿ ಹೊರಟ ಪತ್ರ

ಭಾರತದ ಕಡಲಾಮೆಗಳ ಕಥೆಯಲ್ಲಿ ಮರೆಯಲಾಗದ ಹೆಸರು ಸತೀಶ್ ಭಾಸ್ಕರ್ ಅವರದು. ಮದರಾಸಿನ ಐಐಟಿಗೆ ಇಂಜಿನಿಯರಿಂಗ್ ಓದಲು ಬಂದ ಅವರು ಮನಸೋತದ್ದು ಯಂತ್ರಗಳಿಗಲ್ಲ, ಕಡಲಿಗೆ. 1970ರ ದಶಕದಲ್ಲಿ ಮದರಾಸಿನ ಹಾವಿನ ಉದ್ಯಾನದ ಬಳಗವನ್ನು ಸೇರಿ, ಮುಂದಿನ ವರ್ಷಗಳಲ್ಲಿ ಆಮೆಗಳ ಹೆಜ್ಜೆಗುರುತನ್ನು ಅರಸುತ್ತ ಭಾರತದ ತೀರಗಳಲ್ಲಿ 4,000 ಕಿಲೋಮೀಟರಿಗೂ ಹೆಚ್ಚು ದೂರ ಕಾಲ್ನಡಿಗೆಯಲ್ಲಿಯೇ ಸಂಚರಿಸಿದರು. 1982ರ ಮಳೆಗಾಲದಲ್ಲಿ, ಲಕ್ಷದ್ವೀಪ ಸಮೂಹದ ಸುಹೇಲಿ ವಲಿಯಕರ ಎಂಬ ನಿರ್ಜನ ದ್ವೀಪದಲ್ಲಿ ಏಕಾಂಗಿಯಾಗಿ ಹಲವು ತಿಂಗಳು ಕಳೆದರು. ಮಳೆಗಾಲದ ಕಡಲಿನಲ್ಲಿ ದೋಣಿಗಳ ಸಂಚಾರವಿಲ್ಲ. ಅಂಚೆಯ ಮಾತಂತೂ ಇಲ್ಲವೇ ಇಲ್ಲ. ಪತ್ನಿಗೆ ಬರೆದ ಪತ್ರವನ್ನು ಸೀಸೆಯಲ್ಲಿರಿಸಿ, ಬಾಯಿ ಬಿಗಿದು, ಕಡಲಿಗೆಸೆದರು. ಕೆಲವೇ ವಾರಗಳಲ್ಲಿ ಆ ಸೀಸೆ ಶ್ರೀಲಂಕೆಯ ತೀರದಲ್ಲಿ ಮೀನುಗಾರನೊಬ್ಬನ ಕೈಗೆ ಸಿಕ್ಕಿತು. ಆ ಪುಣ್ಯಾತ್ಮ ಪತ್ರವನ್ನು ಅಂಚೆಗೆ ಹಾಕಿದ. ಅದು ಮನೆ ತಲುಪಿತು. ಸತೀಶ್ ಭಾಸ್ಕರ್ 2023ರಲ್ಲಿ ತೀರಿಕೊಂಡರು. ಅವರ ನಡಿಗೆಯಿಂದ ದೊರೆತ ಮಾಹಿತಿಯೇ ಈ ದೇಶದ ಕಡಲಾಮೆಗಳ ಅಧ್ಯಯನಕ್ಕೆ ಅಡಿಪಾಯವಾಯಿತು.

ಕಡಲಿಗೆ ಎಸೆದದ್ದು ಕಳೆದುಹೋಗುವುದಿಲ್ಲ, ಎಲ್ಲಿಗೋ ಹೋಗಿ ತಲುಪುತ್ತದೆ ಎಂಬುದಕ್ಕೆ ಆ ಸೀಸೆಯೇ ಸಾಕ್ಷಿ. ಪ್ರೀತಿಯ ಪತ್ರ ತಲುಪುವಂತೆಯೇ ಪ್ಲಾಸ್ಟಿಕ್ ಚೀಲವೂ ತಲುಪುತ್ತದೆ. ನೀರಿನಲ್ಲಿ ತೇಲುವ ತೆಳುವಾದ ಚೀಲ ಆಮೆಯ ಕಣ್ಣಿಗೆ ಅದರ ಆಹಾರವಾದ ಲೋಳೆಮೀನಿನಂತೆಯೇ ಕಾಣುತ್ತದೆ. ನುಂಗಿದ ಚೀಲ ಕರುಳನ್ನು ಕಟ್ಟುತ್ತದೆ; ಹೊಟ್ಟೆ ತುಂಬಿದ ಭ್ರಾಂತಿಯಲ್ಲಿಯೇ ಆಮೆ ಉಪವಾಸದಿಂದ ಸೊರಗುತ್ತದೆ.

“ಕಡಲು ಎಲ್ಲಿ, ಬೆಂಗಳೂರೆಲ್ಲಿ?” ಎಂದು ಕೇಳುವವರಿರಬಹುದು. ನದಿಗಳನ್ನು ಕೇಳಿದರೆ ಅವು ಉತ್ತರ ಹೇಳುತ್ತವೆ. ಬೆಂಗಳೂರಿನ ಮೋರಿಗಳ ನೀರನ್ನು ಹೊತ್ತ ವೃಷಭಾವತಿ ಅರ್ಕಾವತಿಯನ್ನೂ, ಅರ್ಕಾವತಿ ಕಾವೇರಿಯನ್ನೂ ಸೇರುತ್ತದೆ. ಕಾವೇರಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಬೆಳ್ಳಂದೂರು, ವರ್ತೂರು ಕೆರೆಗಳ ನೀರು ದಕ್ಷಿಣ ಪಿನಾಕಿನಿಗೆ ಕೂಡಿ, ಕಡಲೂರಿನ ಬಳಿ ಅದೇ ಸಮುದ್ರವನ್ನು ಕಾಣುತ್ತದೆ. ಧಾರವಾಡದ ಬಳಿ ಹುಟ್ಟುವ ಶಾಲ್ಮಲೆ ಬೇಡ್ತಿಯೊಡನೆ ಕೂಡಿ, ಗಂಗಾವಳಿಯಾಗಿ ಅಂಕೋಲೆಯ ಬಳಿ ಅರಬ್ಬಿ ಸಮುದ್ರಕ್ಕೆ ಇಳಿಯುತ್ತದೆ. ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಮಂಗಳೂರಿಗೆ ಬರುತ್ತದೆ. ನಡುವೆ ಅಣೆಕಟ್ಟುಗಳಿರುವ ನದಿಗಳಲ್ಲಿ ಎಸೆದದ್ದೆಲ್ಲವೂ ಕಡಲು ಸೇರದಿರಬಹುದು. ಆದರೆ ಮಹಾಪೂರ ಬಂದಾಗ ನದಿ ಲೆಕ್ಕ ನೋಡುವುದಿಲ್ಲ.

ಆದ್ದರಿಂದ ಕಡಲಾಮೆಯ ರಕ್ಷಣೆ ಕಡಲತೀರದಲ್ಲಿಯೇ ಆಗಬೇಕಾದ ಕೆಲಸವಲ್ಲ; ಅಡಿಗೆಯ ಮನೆಯಲ್ಲಿಯೂ ಆಗುವಂಥದು. ಹಿಂದಿನವರು ಸಂತೆಗೆ ಹೊರಡುವಾಗ ಬಟ್ಟೆಯ ಕೈಚೀಲವನ್ನು ಮರೆಯುತ್ತಿರಲಿಲ್ಲ. ಎಣ್ಣೆಗೆ ಡಬ್ಬಿ, ಹಾಲಿಗೆ ಪಾತ್ರೆ, ಪ್ರಯಾಣಕ್ಕೆ ನೀರಿನ ಕೂಜಾ ಇರುತ್ತಿದ್ದವು. ಅದು ಬಡತನವಲ್ಲ, ಅಚ್ಚುಕಟ್ಟು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಾದ್ಯಂತ ನಿಷೇಧಿಸಲಾಗಿದೆ. ಆದರೂ ಗಿರಾಕಿ ಕೈಚಾಚುವವರೆಗೆ ಅಂಗಡಿಯವನು ಕೊಡುತ್ತಲೇ ಇರುತ್ತಾನೆ. ದೇವರ ನಿರ್ಮಾಲ್ಯವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸೇತುವೆಯ ಮೇಲಿಂದ ನದಿಗೆಸೆಯುವ ಅಭ್ಯಾಸವೊಂದು ಅನೇಕ ಮನೆಗಳಲ್ಲಿದೆ. ಹೂವು ಗಿಡದ ಬುಡದಲ್ಲಿಯೇ ಮಣ್ಣಾದರೆ ದೇವರು ಮುನಿಯುವುದಿಲ್ಲ. ದಶಾವತಾರಗಳಲ್ಲಿ ಎರಡನೆಯದು ಕೂರ್ಮವೆಂಬುದನ್ನು ನೆನೆದರೆ, ಮುನಿಯುವುದು ಯಾವುದಕ್ಕೆಂಬುದೂ ಹೊಳೆದೀತು.

ಬಲೆ ಮತ್ತು ಬಲೆಗಾರ

ಆಮೆಗಳ ಸಾವಿಗೆ ಬಹು ದೊಡ್ಡ ಕಾರಣ ಮೀನಿನ ಬಲೆ. ಆಮೆ ಮೀನಲ್ಲ, ಉಸಿರಾಡಲು ಅದು ನೀರಿನ ಮೇಲಕ್ಕೆ ಬರಲೇಬೇಕು. ಯಂತ್ರದ ದೋಣಿ ಎಳೆಯುವ ಟ್ರಾಲ್ ಬಲೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಂಡ ಆಮೆ ಕಡಲಿನಲ್ಲಿಯೇ ಮುಳುಗಿ ಸಾಯುತ್ತದೆ. ಇದಕ್ಕೊಂದು ಜಾಣತನದ ಪರಿಹಾರವಿದೆ. ಬಲೆಯ ಕೊರಳಿನಲ್ಲಿ ಸರಳುಗಳ ಒಂದು ಚೌಕಟ್ಟನ್ನು ಓರೆಯಾಗಿ ಕೂರಿಸುತ್ತಾರೆ. ಸಿಗಡಿ, ಮೀನುಗಳು ಸರಳುಗಳ ನಡುವೆ ನುಸುಳಿ ಬಲೆಯ ತುದಿಗೆ ಸೇರುತ್ತವೆ. ಆಮೆ ಸರಳಿಗೆ ತಾಗಿ, ಪಕ್ಕದ ತೆರಪಿನಿಂದ ಹೊರಕ್ಕೆ ಜಾರುತ್ತದೆ. ಭಾರತದ ಬಲೆಗಳಿಗೆ ಹೊಂದುವಂಥ ಇಂತಹ ಸಾಧನವನ್ನು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಸಿದ್ಧಪಡಿಸಿದೆ.

ಆದರೆ ಎಲ್ಲ ಹೊಣೆಯನ್ನೂ ಮೀನುಗಾರನ ಹೆಗಲಿಗೇರಿಸಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆಮೆಯನ್ನು ಬಿಡಿಸಲು ಬಲೆ ಕತ್ತರಿಸಿದವನಿಗೆ ಅಂದಿನ ದುಡಿಮೆಯೇ ನಷ್ಟ. ಇದನ್ನರಿತ ಮಹಾರಾಷ್ಟ್ರ ಸರ್ಕಾರ, ಹಾಗೆ ಬಲೆ ಕತ್ತರಿಸಿ ಸಂರಕ್ಷಿತ ಪ್ರಾಣಿಗಳನ್ನು ಬಿಡಿಸಿದ ಮೀನುಗಾರರಿಗೆ 25,000 ರೂಪಾಯಿಗಳವರೆಗೆ ಪರಿಹಾರ ನೀಡುವ ಯೋಜನೆಯನ್ನು ತಂದಿತು. ಮೀನು ಕೊಳ್ಳುವ ಮನೆಗಳೂ ಈ ಲೆಕ್ಕದಿಂದ ಹೊರತಲ್ಲ. ಹಿಡಿದ ಬಗೆಯನ್ನು ಕೇಳಿ, ಸಣ್ಣ ದೋಣಿಯವರು ತಂದ ಮೀನಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಸಿದ್ಧರಿರುವ ಗಿರಾಕಿ, ತನಗರಿವಿಲ್ಲದೆಯೇ ಆಮೆಯ ಮಿತ್ರನಾಗುತ್ತಾನೆ. ಆಮೆಚಿಪ್ಪಿನ ಬಾಚಣಿಗೆ, ಬಳೆಗಳನ್ನು ಯಾವ ದೇಶದ ಅಂಗಡಿಯಲ್ಲಿ ಕಂಡರೂ ಮುಟ್ಟದಿರುವುದೂ ಈ ಮೈತ್ರಿಯ ಒಂದು ಭಾಗ.

ತೆರೆದ ಬಾಗಿಲು

ಇಷ್ಟು ಸಣ್ಣ ಕೆಲಸಗಳಿಂದ ಏನಾದೀತೆಂಬ ಸಂದೇಹ ಸಹಜ. ಅದಕ್ಕೆ ಮುಂಬಯಿಯ ವರ್ಸೋವಾ ತೀರ ಉತ್ತರ ಕೊಟ್ಟಿದೆ. 2015ರಲ್ಲಿ ಆ ದಂಡೆಯ ಮೇಲೆ ಮರಳು ಕಾಣದಷ್ಟು ಕಸ ತುಂಬಿತ್ತು. ಅಲ್ಲಿ ನೆಲೆಸಿದ ಅಫ್ರೋಜ್ ಷಾ ಎಂಬ ಯುವ ವಕೀಲರು ವೃದ್ಧರಾದ ನೆರೆಯವರೊಬ್ಬರೊಡನೆ ಕಸ ಹೆಕ್ಕಲು ತೊಡಗಿದರು. ಇಬ್ಬರಿದ್ದದ್ದು ಹತ್ತಾಯಿತು, ನೂರಾಯಿತು, ಸಾವಿರವಾಯಿತು. ವಾರಕ್ಕೊಮ್ಮೆ, ಎರಡು ವರ್ಷಗಳಿಗೂ ಹೆಚ್ಚು ಕಾಲ, ಲಕ್ಷಾಂತರ ಕಿಲೋಗ್ರಾಂ ಕಸ ಹೊರಸಾಗಿತು. 2018ರ ಮಾರ್ಚಿಯಲ್ಲಿ ಒಂದು ಬೆಳಗ್ಗೆ, ಎರಡು ದಶಕಗಳಷ್ಟು ಕಾಲ ಆಮೆಯ ಗೂಡು ಕಾಣದಿದ್ದ ಆ ಮರಳಿನಿಂದ ಎಂಬತ್ತರಷ್ಟು ಆಲಿವ್ ರಿಡ್ಲಿ ಮರಿಗಳು ಹೊರಬಂದು ಕಡಲಿನತ್ತ ತೆವಳಿದವು. ನಾಯಿಗಳು ಹತ್ತಿರ ಬಾರದಂತೆ ಸ್ವಯಂಸೇವಕರು ಇಕ್ಕೆಲಗಳಲ್ಲಿ ಕಾವಲು ನಿಂತರು.

ಆಮೆಗಳನ್ನು ಅಲ್ಲಿಗೆ ಯಾರೂ ತಂದು ಬಿಟ್ಟಿರಲಿಲ್ಲ. ಮನೆಯನ್ನು ಗುಡಿಸಿ ಬಾಗಿಲು ತೆರೆದಿಟ್ಟಿದ್ದರು, ಅಷ್ಟೆ. ಮಗಳಿಗೆ ತವರಿನ ದಾರಿ ಗೊತ್ತಿತ್ತು.

ಮುಂದಿನ ರಜೆಯಲ್ಲಿ ಕಡಲತೀರಕ್ಕೆ ಹೋಗುವ ಕುಟುಂಬ ಆಮೆಯನ್ನು ಕಾಣದೆಯೇ ಹಿಂದಿರುಗಬಹುದು. ಹೆಚ್ಚಿನವರ ಪಾಲಿಗೆ ಹಾಗೆಯೇ ಆಗುತ್ತದೆ. ಆದರೆ ಮಲಗುವ ಮುನ್ನ ಮನೆಯಾಕೆ ಎದ್ದು ಜಗಲಿಯ ದೀಪವನ್ನು ಆರಿಸಿದ ಆ ರಾತ್ರಿ, ದೂರದ ತೆರೆಗಳ ನಡುವೆ ತಲೆಯೆತ್ತಿ ದಡವನ್ನು ನೋಡುತ್ತಿದ್ದ ಯಾವಳೋ ಒಬ್ಬ ತಾಯಿಗೆ ಅಲ್ಲಿ ಕತ್ತಲೆ ಕಂಡೀತು, ಧೈರ್ಯ ಬಂದೀತು.